ಇಲ್ಲದ ಚಿತ್ರದ ಎರಡು ನಿಮಿಷ: ಗೋಕಾಕ, ಮೂಡಲಗಿ, ಹುಕ್ಕೇರಿ ಪರಿಸರದಲ್ಲಿ ವಿದ್ಯಾರ್ಥಿಗಳ ಟ್ರೇಲರ್ ನಿರ್ಮಾಣದ ಸಿದ್ಧತೆ ಮತ್ತು ಚಿತ್ರೀಕರಣ

ಕನ್ನಡ ವಿಭಾಗಗಳಲ್ಲಿ ಚಲನಚಿತ್ರದ ಅಧ್ಯಯನ ಬಹುಮಟ್ಟಿಗೆ ಕೃತಿ ಮತ್ತು ಚಿತ್ರಗಳ ಹೋಲಿಕೆಗೆ ಸೀಮಿತವಾಗಿ ನಡೆದುಬಂದಿದೆ. ಕಾದಂಬರಿಯಲ್ಲಿ ಇದ್ದುದೇನು, ಚಿತ್ರದಲ್ಲಿ ಬಿಟ್ಟುಹೋದುದೇನು ಎಂಬ ಪ್ರಶ್ನೆಯ ಸುತ್ತಲೇ ಬಹುಪಾಲು ಪ್ರಬಂಧಗಳು ಸುತ್ತುತ್ತವೆ. ಈಗ ವಿದ್ಯಾರ್ಥಿಗಳ ಕೈಯಲ್ಲಿರುವ ಮೊಬೈಲ್ ಫೋನೇ ಕ್ಯಾಮೆರಾ ಆಗಿರುವುದರಿಂದ, ನೋಡಿ ವಿಮರ್ಶಿಸುವ ಕೆಲಸದ ಜೊತೆಗೆ ಮಾಡಿ ತಿಳಿಯುವ ಕೆಲಸಕ್ಕೂ ಅವಕಾಶ ಒದಗಿದೆ. ಗತಕಾಲದ ಕಥೆಯೊಂದರ ಎರಡು ನಿಮಿಷದ ಟ್ರೇಲರನ್ನು ವಿದ್ಯಾರ್ಥಿಗಳೇ ಯೋಜಿಸಿ ಚಿತ್ರೀಕರಿಸಬೇಕಾದರೆ ಯಾವ ಬಗೆಯ ಸಿದ್ಧತೆ ಅಗತ್ಯ ಎಂಬುದನ್ನು ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳ ಪರಿಸರವನ್ನು ಎದುರಿಗಿಟ್ಟುಕೊಂಡು ಪ್ರಸ್ತುತ ಲೇಖನದಲ್ಲಿ ವಿವರಿಸಲಾಗಿದೆ.

ಮೊದಲು ಪದಗಳ ವಿಚಾರ. ಟ್ರೇಲರ್ ಎಂಬ ಶಬ್ದಕ್ಕೆ ಹಿಂದೆ ಎಳೆದುಕೊಂಡು ಬರುವುದು ಎಂಬ ಅರ್ಥವಿದೆ. ಆರಂಭದಲ್ಲಿ ಇದನ್ನು ಚಿತ್ರ ಮುಗಿದ ಮೇಲೆ ತೋರಿಸುತ್ತಿದ್ದುದರಿಂದ ಆ ಹೆಸರು ಬಂದಿತು. ಪ್ರೇಕ್ಷಕರು ಅಷ್ಟರಲ್ಲಿ ಎದ್ದು ಹೋಗುತ್ತಿದ್ದುದರಿಂದ ಅದು ಮುಂದಕ್ಕೆ ಬಂದಿತು, ಹೆಸರು ಮಾತ್ರ ಹಿಂದೆಯೇ ಉಳಿಯಿತು. ಉದ್ಯಮದಲ್ಲಿ ಟ್ರೇಲರ್ ಎಂದರೆ ಸಿದ್ಧವಿರುವ ಚಿತ್ರದಿಂದ ಆಯ್ದ ತುಣುಕುಗಳ ಜೋಡಣೆ. ಅದು ಸಂಕಲನಕಾರನ ಕೆಲಸ. ವಿದ್ಯಾರ್ಥಿಗಳ ಟ್ರೇಲರ್‌ಗೆ ಹಿಂದೆ ಯಾವ ಚಿತ್ರವೂ ಇರುವುದಿಲ್ಲ. ಇಲ್ಲದ ಚಿತ್ರವನ್ನು ಇದೆಯೆಂದು ನಂಬಿಸುವ ಆ ಎರಡು ನಿಮಿಷಗಳನ್ನು ಮೊದಲು ಬರೆಯಬೇಕು. ಆದುದರಿಂದ ಅದು ಮೂಲತಃ ಬರವಣಿಗೆಯ ಕೆಲಸ, ಕನ್ನಡ ವಿಭಾಗದ ವ್ಯಾಪ್ತಿಗೆ ಸಹಜವಾಗಿಯೇ ಸೇರುವಂಥದು.

ಎರಡನೆಯದು, ಚಾರಿತ್ರಿಕ ಚಿತ್ರ ಮತ್ತು ಕಾಲಘಟ್ಟದ ಚಿತ್ರಗಳ ನಡುವಿನ ಅಂತರ. ‘ರಣಧೀರ ಕಂಠೀರವ’ (1960), ‘ಶ್ರೀ ಕೃಷ್ಣದೇವರಾಯ’ (1970), ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ (2012) ಮೊದಲಾದವು ಅರಸರನ್ನೋ ವೀರರನ್ನೋ ಕೇಂದ್ರದಲ್ಲಿರಿಸಿಕೊಂಡವು. ‘ಘಟಶ್ರಾದ್ಧ’ (1977) ಹಾಗಲ್ಲ. ಅಲ್ಲಿ ಹೆಸರುವಾಸಿ ಘಟನೆಯೊಂದೂ ಇಲ್ಲ; ಇರುವುದು ಒಂದು ಕಾಲದ ಬದುಕು. ಬೆಳಗಾವಿ ಜಿಲ್ಲೆಯ ವಿದ್ಯಾರ್ಥಿಗಳು ಗತಕಾಲ ಎಂದೊಡನೆ ಕಿತ್ತೂರಿನ ಕಡೆಗೆ ತಿರುಗುವುದು ಸಹಜವಾದರೂ, ಕುದುರೆ, ಕತ್ತಿ, ಕಿರೀಟಗಳನ್ನು ಬಾಡಿಗೆಗೆ ತಂದು ಮಾಡಿದ ದೃಶ್ಯ ಶಾಲಾ ವಾರ್ಷಿಕೋತ್ಸವದ ಛದ್ಮವೇಷದ ಮಟ್ಟದಿಂದ ಮೇಲೇಳುವುದು ಕಷ್ಟ. ಕಡಿಮೆ ಖರ್ಚಿನಲ್ಲಿ ಸಾಧ್ಯವಾಗುವುದೂ, ಸಂಶೋಧನೆಗೆ ಹೆಚ್ಚು ಅವಕಾಶ ಕೊಡುವುದೂ ಎರಡನೆಯ ಬಗೆಯೇ.

ಇಂಥ ಟ್ರೇಲರ್‌ನ ಸಿದ್ಧತೆ ಗ್ರಂಥಸಂಪಾದನೆಯ ಕೆಲಸಕ್ಕೆ ಬಹಳ ಹತ್ತಿರವಾದುದು. ಹಳೆಯ ಕಾವ್ಯದ ಪಾಠವನ್ನು ನಿರ್ಧರಿಸುವಾಗ ಸಂಪಾದಕನು ಕಾಲಾಂತರದಲ್ಲಿ ಸೇರಿಕೊಂಡ ಪ್ರಕ್ಷಿಪ್ತಗಳನ್ನು ಗುರುತಿಸಿ ಬೇರ್ಪಡಿಸುತ್ತಾನೆ. ಚಿತ್ರದ ಚೌಕಟ್ಟಿನಲ್ಲಿ ಕಾಣುವ ಗಿಡ, ದೀಪ, ಬೋರ್ಡು, ಬೈಗುಳ ಎಲ್ಲವೂ ಹಾಗೆಯೇ ಪರಿಶೀಲನೆಗೆ ಒಳಪಡಬೇಕಾದ ಪಾಠಗಳು. ಈ ಶಿಸ್ತು ನಮ್ಮ ವಿಭಾಗಗಳಲ್ಲಿ ಇದೆ; ಅದನ್ನು ತಾಳೆಗರಿಯಾಚೆಗೆ ಬಳಸುವ ರೂಢಿ ಕಡಿಮೆ.

ಕಾಲ ಮತ್ತು ಕಥೆಯ ಆಯ್ಕೆ

ಉದಾಹರಣೆಗೆ 1887ರ ಗೋಕಾಕ ಜಲಪಾತವನ್ನು ತೆಗೆದುಕೊಳ್ಳಬಹುದು. ಘಟಪ್ರಭಾ ನದಿ ಸುಮಾರು 52 ಮೀಟರ್ ಎತ್ತರದಿಂದ ಧುಮುಕುವ ಈ ಸ್ಥಳದಲ್ಲಿ ನೀರಿನ ಬಲದಿಂದ ನೂಲಿನ ಗಿರಣಿ ನಡೆಸಲು 1885ರಲ್ಲಿ ಕಂಪನಿಯೊಂದು ಸ್ಥಾಪನೆಯಾಯಿತು. 1887ರಲ್ಲಿ ಗಿರಣಿ ಕೆಲಸಕ್ಕೆ ತೊಡಗಿತು. ಅದೇ ದಶಕದ ಕೊನೆಗೆ ಸದರ್ನ್ ಮರಾಠಾ ರೈಲ್ವೆಯ ಮೀಟರ್‌ಗೇಜ್ ಹಳಿ ಈ ಸೀಮೆಯನ್ನು ಹಾದು ಮಿರಜವನ್ನು ಕೂಡಿತು. ಒಕ್ಕಲುತನದ ಸೀಮೆಗೆ ಯಂತ್ರವೂ ಗಡಿಯಾರವೂ ಒಟ್ಟಿಗೆ ಬಂದ ಕಾಲವಿದು. ಇನ್ನೊಂದು ಅನುಕೂಲವೂ ಇದೆ. ಮುಂಬಯಿ ಪ್ರಾಂತದ ಗ್ಯಾಜೆಟಿಯರ್ ಮಾಲೆಯ 21ನೆಯ ಸಂಪುಟವಾದ ಬೆಳಗಾವಿ ಸಂಪುಟ ಪ್ರಕಟವಾದುದು 1884ರಲ್ಲಿ, ಅಂದರೆ ಗಿರಣಿ ತೊಡಗುವುದಕ್ಕೆ ಮೂರು ವರ್ಷ ಮೊದಲು. ಬೆಳೆ, ಉಡುಗೆ, ಸಂತೆ, ಕೂಲಿ, ದಾರಿ, ಊರುಗಳನ್ನು ಕುರಿತು ಅದು ಕೊಡುವ ಮಾಹಿತಿ ನಮ್ಮ ಕಥೆಯ ಹಿಂದಿನ ದಿನದ ಚಿತ್ರವೇ ಸರಿ. ಆಡಳಿತಗಾರನ ಕಣ್ಣಿನಿಂದ ಬರೆದ ಗ್ರಂಥವೆಂಬುದನ್ನು ಮರೆಯದೆ ಅದನ್ನು ಬಳಸಬೇಕು.

ಕಥೆಯ ಬೀಜ ಕಾನೂನಿನ ಒಂದು ಸಾಲಿನಲ್ಲಿದೆ. 1881ರ ಭಾರತದ ಕಾರ್ಖಾನೆ ಕಾಯಿದೆ ಏಳು ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ಹಚ್ಚುವುದನ್ನು ನಿಷೇಧಿಸಿತು. ಏಳರಿಂದ ಹನ್ನೆರಡು ವರ್ಷದವರು ದಿನಕ್ಕೆ ಒಂಬತ್ತು ಗಂಟೆ ದುಡಿಯಬಹುದೆಂದಿತು. 1891ರ ತಿದ್ದುಪಡಿ ಬರುವವರೆಗೆ ಇದೇ ನಿಯಮ. ಜನ್ಮದ ದಾಖಲೆಯೇ ಇಲ್ಲದ ಹಳ್ಳಿಯಲ್ಲಿ ಆರು ವರ್ಷದ ಕೂಸನ್ನು ಏಳೆಂದು ಬರೆಸಲು ಕೈಹಿಡಿದು ಕರೆತರುವ ತಾಯಿ, ಹಾಜರಿ ಪಟ್ಟಿಯಲ್ಲಿ ಅದನ್ನು ಬರೆದುಕೊಳ್ಳುವ ಕಾರಕೂನ, ನೀರಿನ ಸದ್ದು: ಎರಡು ನಿಮಿಷಕ್ಕೆ ಇಷ್ಟು ಸಾಕು. ಇದು ಕಲ್ಪನೆಯೆಂಬುದನ್ನು ಆರಂಭದಲ್ಲಿಯೇ ಅಕ್ಷರಗಳಲ್ಲಿ ತೋರಿಸಬೇಕು, ಗಿರಣಿಗೆ ಹೆಸರನ್ನು ಕೊಡಬಾರದು. ಕಾಯಿದೆ ದಾಖಲೆಯಲ್ಲಿದೆ, ಇಂಥ ತಾಯಿ ಇಂಥ ಗಿರಣಿಗೆ ಬಂದಳೆಂಬುದು ದಾಖಲೆಯಲ್ಲ.

ನೂರಿಪ್ಪತ್ತು ಸೆಕೆಂಡುಗಳಿಗೆ ಸರಾಸರಿ ಮೂರು ಸೆಕೆಂಡಿನಂತೆ ನಲವತ್ತು ಶಾಟುಗಳು ಬೇಕಾಗುತ್ತವೆ. ಆರಂಭದ ನಾಲ್ಕೈದು ಶಾಟುಗಳು ದೀರ್ಘವಾಗಿಯೂ ಕೊನೆಯವು ಒಂದು ಸೆಕೆಂಡಿಗಿಂತ ಕಡಿಮೆಯಾಗಿಯೂ ಇರಬಹುದು. ಅನುಭವವಿಲ್ಲದ ತಂಡವೊಂದು ದಿನಕ್ಕೆ ಹದಿನೈದು ಶಾಟುಗಳನ್ನು ಸಮಾಧಾನಕರವಾಗಿ ತೆಗೆದರೆ ಅದೇ ಹೆಚ್ಚು. ಹಾಗಾಗಿ ಮೂರು ದಿನಗಳ ಲೆಕ್ಕ ಹಾಕಬೇಕು. ಪ್ರತಿ ಶಾಟಿಗೂ ಒಂದು ಪುಟವಿರುವ ನೋಟುಬುಕ್ಕಿನಲ್ಲಿ ಎಡಗಡೆ ಶಾಟಿನ ರೇಖಾಚಿತ್ರ, ಬಲಗಡೆ ಅದರಲ್ಲಿ ಕಾಣುವ ಪ್ರತಿಯೊಂದು ವಸ್ತುವಿಗೆ ಆಧಾರವೇನು ಎಂಬ ಟಿಪ್ಪಣಿ ಬರೆದಿಡುವುದು ಈ ಇಡೀ ಕೆಲಸದ ಬೆನ್ನೆಲುಬು.

ನೆಲದ ಪ್ರಕ್ಷಿಪ್ತಗಳು

ಇಂದು ಗೋಕಾಕದಿಂದ ಮೂಡಲಗಿಗೆ ಹೋಗುವವರ ಕಣ್ಣಿಗೆ ಬೀಳುವುದು ಕಬ್ಬು. ಕ್ಯಾಮೆರಾ ಎತ್ತಿದ ವಿದ್ಯಾರ್ಥಿಗೆ ಇದೇ ‘ಹಳ್ಳಿಯ ವಾತಾವರಣ’ ಎನಿಸುತ್ತದೆ. ಕಬ್ಬಿನ ಈ ವಿಸ್ತಾರ ನೀರಾವರಿಯ ಫಲ. 1970ರ ದಶಕದಲ್ಲಿ ಹಿಡಕಲ್ ಜಲಾಶಯ ಪೂರ್ಣಗೊಂಡ ನಂತರವಂತೂ ಭೂದೃಶ್ಯವೇ ಬದಲಾಯಿತು. 1887ರ ಹೊಲವೆಂದರೆ ಜೋಳ ಮತ್ತು ಹತ್ತಿ. ಅದನ್ನು ಹುಡುಕಿಕೊಂಡು ಕಾಲುವೆ ತಲುಪದ ಮಡ್ಡಿಯ ಕಡೆಗೆ ಹೋಗಬೇಕು. ಇನ್ನೊಂದು ತೊಡಕು ಋತುವಿನದು. ಜಲಪಾತ ತುಂಬಿ ಧುಮುಕುವುದು ಜುಲೈ, ಆಗಸ್ಟ್‌ಗಳಲ್ಲಿ. ಹಿಂಗಾರಿ ಜೋಳ ತೆನೆಗಟ್ಟಿ ನಿಲ್ಲುವುದು ಜನವರಿಯ ಆಸುಪಾಸು. ಸಂಕಲನದ ಮೇಜಿನ ಮೇಲೆ ಇವೆರಡನ್ನೂ ಒಂದೇ ದಿನದ ಬೆಳಗು ಮತ್ತು ಸಂಜೆಯೆಂದು ಜೋಡಿಸುವುದು ಸುಲಭ. ಒಕ್ಕಲುತನದ ಮನೆಯಿಂದ ಬಂದ ಪ್ರೇಕ್ಷಕ ಅದನ್ನು ತಕ್ಷಣ ಹಿಡಿಯುತ್ತಾನೆ. ಆದುದರಿಂದ ಕಥೆಯನ್ನೇ ಎರಡು ಹಂಗಾಮುಗಳಲ್ಲಿ ಹಂಚುವುದು ಲೇಸು: ಹೊಲದಲ್ಲಿ ಕೂಲಿ ಮುಗಿದ ಮೇಲಿನ ಬಿಡುವು ಒಂದು, ಹೊಳೆ ಬಂದ ಮೇಲೆ ಗಿರಣಿಯ ಬಾಗಿಲು ಇನ್ನೊಂದು. ಮೂರು ದಿನಗಳ ಚಿತ್ರೀಕರಣಕ್ಕೆ ಆರು ತಿಂಗಳ ಅಂತರ ಬೇಕಾಗುವುದು ಹೀಗೆ.

ಗಿಡಗಂಟಿಗಳ ವಿಚಾರವೂ ಅಷ್ಟೇ ಮುಖ್ಯ. ರಸ್ತೆಯ ಬದಿಗೆ ದಟ್ಟವಾಗಿ ಬೆಳೆದ ಬಳ್ಳಾರಿ ಜಾಲಿ ಈ ಸೀಮೆಯಲ್ಲಿ ಹಬ್ಬಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಬಿಳಿ ಹೂವಿನ ಪಾರ್ಥೇನಿಯಂ ನಮ್ಮ ದೇಶದಲ್ಲಿ ಗಮನಕ್ಕೆ ಬಂದದ್ದು 1950ರ ದಶಕದಲ್ಲಿ, ಪುಣೆಯ ಬಳಿ. ಅದನ್ನು ನಮ್ಮ ರೈತರು ಕಾಂಗ್ರೆಸ್ ಕಸ ಎನ್ನುತ್ತಾರೆ. 1887ರಲ್ಲಿ ಕಾಂಗ್ರೆಸ್ ಎಂಬ ಸಂಸ್ಥೆಗೇ ಎರಡು ವರ್ಷ, ಅದರ ಹೆಸರಿನ ಕಸ ಬರಲು ಇನ್ನೂ ಬಹಳ ಕಾಲವಿತ್ತು! ಕ್ಯಾಮೆರಾವನ್ನು ಸ್ವಲ್ಪ ಮೇಲಕ್ಕೆತ್ತಿದರೆ ತಂತಿ ಕಂಬ, ಕೆಳಗಿಳಿಸಿದರೆ ಈ ಕಸ; ಚೌಕಟ್ಟು ನಡುವಿನ ಪಟ್ಟಿಯಲ್ಲಿ ನಿಲ್ಲಬೇಕಾಗುತ್ತದೆ. ಇಕ್ಕಟ್ಟಾದ ಚೌಕಟ್ಟು ದೋಷವಲ್ಲ. ತಾಯಿಯ ಕೈ, ಮಗುವಿನ ಪಾದ, ಬುತ್ತಿಯ ಗಂಟು, ಪಟ್ಟಿಯ ಮೇಲೆ ಓಡುವ ಲೆಕ್ಕಣಿಕೆ, ಇವುಗಳ ಸಮೀಪ ಶಾಟುಗಳು ವಿಶಾಲವಾದ ದೃಶ್ಯಕ್ಕಿಂತ ಕಡಿಮೆ ಸುಳ್ಳನ್ನು ಹೇಳುತ್ತವೆ.

ಗಿರಣಿಯೆಂದರೆ ಹೊಗೆ ಕಾರುವ ಚಿಮಣಿ ಎಂಬ ಕಲ್ಪನೆಯನ್ನೂ ಬಿಡಬೇಕು. ಅದು ಮುಂಬಯಿಯ ಉಗಿ ಗಿರಣಿಗಳಿಂದ ಎರವಲು ಬಂದ ಚಿತ್ರ. ಗೋಕಾಕದ ವೈಶಿಷ್ಟ್ಯವಿರುವುದೇ ನೀರಿನಲ್ಲಿ; ಕಂಪನಿಯ ಮೂಲ ಹೆಸರಿನಲ್ಲಿಯೇ ಜಲಶಕ್ತಿ ಎಂಬ ಮಾತಿತ್ತು. ಒಳಾಂಗಣದಲ್ಲಿ ಗ್ಯಾಸಬತ್ತಿ ಬೇಡ, ಪೆಟ್ರೋಮ್ಯಾಕ್ಸ್ ಬಂದುದು ಇಪ್ಪತ್ತನೆಯ ಶತಮಾನದ ಎರಡನೆಯ ದಶಕದ ಹೊತ್ತಿಗೆ. ಕೂಲಿಕಾರರು ಕುಳಿತು ಚಹಾ ಕುಡಿಯುವ ದೃಶ್ಯವೂ ಬೇಡ. ನಮ್ಮ ಹಳ್ಳಿಗಳಿಗೆ ಚಹಾದ ಪ್ರಚಾರ ನಡೆದದ್ದು ಅನಂತರ. ಮಜ್ಜಿಗೆಯ ಗಡಿಗೆ ಇರಲಿ. ಮಗುವಿನ ಕೈಯಲ್ಲಿ ಆಟಿಕೆ ಬೇಕಾದರೆ ಪ್ಲಾಸ್ಟಿಕ್ ಗಿಲಕಿಯ ಬದಲು ಗೋಕಾಕದ ಕುಶಲಕರ್ಮಿಗಳು ಹಗುರ ಕಟ್ಟಿಗೆಯಲ್ಲಿ ಮಾಡಿ ಬಣ್ಣ ಹಾಕುವ ಬೊಂಬೆ ಊರಲ್ಲೇ ಸಿಗುತ್ತದೆ.

ಬಣ್ಣದ ಬಗೆಗೆ ಒಂದು ಮಾತು. ಗತಕಾಲವೆಂದ ಕೂಡಲೇ ಚಿತ್ರಕ್ಕೆ ಕಂದು ಛಾಯೆ ಬಳಿಯುವುದು ರೂಢಿಯಾಗಿದೆ. ಕಂದು ಬಣ್ಣ ಹಳೆಯ ಛಾಯಾಚಿತ್ರದ್ದು, ಹಳೆಯ ಕಾಲದ್ದಲ್ಲ. 1887ರ ಇಳಕಲ್ಲ ಸೀರೆಯ ಕೆಂಪು ಅಂದಿನವರ ಕಣ್ಣಿಗೆ ಕೆಂಪಾಗಿಯೇ ಕಂಡಿತು. ಅಂತೆಯೇ ಆ ಕಾಲದ ಛಾಯಾಚಿತ್ರಗಳಲ್ಲಿ ಜನ ಬಿಗಿಯಾಗಿ ನಿಂತಿರುವುದು ಕ್ಯಾಮೆರಾದ ಒತ್ತಾಯಕ್ಕೆ. ನಟರು ಅದನ್ನು ನೋಡಿ ನಡಿಗೆ ಕಲಿಯಬಾರದು.

ಮಾತು

ಸಂಭಾಷಣೆಯೇ ಕನ್ನಡ ವಿಭಾಗದ ನಿಜವಾದ ಪರೀಕ್ಷೆ. ನಮ್ಮ ಚಿತ್ರಗಳಲ್ಲಿ ‘ಉತ್ತರ ಕರ್ನಾಟಕದ ಭಾಷೆ’ ಎಂಬ ಹೆಸರಿನಲ್ಲಿ ಒಂದೇ ಅಚ್ಚಿನ ನಗೆಚಾಟಿಕೆಯ ಮಾತು ಚಲಾವಣೆಯಲ್ಲಿದೆ. ಗೋಕಾಕ ಸೀಮೆಯ ಒಕ್ಕಲಿಗನ ಬಾಯಲ್ಲಿ ‘ಐತಿ’ ಎಂದಿರುವುದು ಬ್ರಾಹ್ಮಣ ಕಾರಕೂನನ ಬಾಯಲ್ಲಿ ‘ಅದ’ ಆಗುತ್ತದೆ. ಈ ಒಂದು ಕ್ರಿಯಾಪದ ಎರಡು ಸಾಮಾಜಿಕ ನೆಲೆಗಳನ್ನು ಹೇಳುತ್ತದೆ. ಮಗು ತಾಯಿಯನ್ನು ‘ಅಮ್ಮಾ’ ಎಂದು ಕರೆದರೆ ಅದು ಮೈಸೂರು ಸೀಮೆಯ ಸಿನಿಮಾದಿಂದ ಬಂದ ಪ್ರಕ್ಷಿಪ್ತ. ಇಲ್ಲಿ ಅವ್ವ, ಯವ್ವಾ. ಮಾದರಿಗಾಗಿ ಹೀಗೊಂದು ಸಂಭಾಷಣೆಯನ್ನು ಕಟ್ಟಬಹುದು:

ಮಗು: “ನೀರು ನೂಲು ತಗೀತೈತಂತ, ಖರೇನ ಯವ್ವಾ?”

ತಾಯಿ: “ನೀರು ತಗೀತೈತೋ ನಮ್ಮ ಕೈ ತಗೀತಾವೋ, ಹ್ವಾದ ಮ್ಯಾಲ ಗೊತ್ತಾಗತೈತಿ.”

ಕಾರಕೂನ: “ಹಾಜರಿ ಪಟ್ಟಿಯೊಳಗ ಹೆಸರು ಅದ. ಏಳು ತುಂಬ್ಯಾವ ಅಂತ ಬರಕೊಂಡೀನಿ. ಯಾರರ ಕೇಳಿದರ ಹಂಗ ಹೇಳಬೇಕು.”

ಪ್ರೇಕ್ಷಕರಿಗೆ ಮಗುವಿನ ನಿಜವಾದ ವಯಸ್ಸನ್ನು ಯಾರೂ ಹೇಳುವುದಿಲ್ಲ. ಕಾರಕೂನನ ಕೊನೆಯ ಮಾತೇ ಅದನ್ನು ಹೇಳುತ್ತದೆ. ಇಲ್ಲಿರುವುದು ಇಂದಿನ ಆಡುಮಾತೇ ಎಂಬ ಆಕ್ಷೇಪ ಬರಬಹುದು. ನೂರಮೂವತ್ತು ವರ್ಷಗಳ ಹಿಂದಿನ ಉಚ್ಚಾರ ನಮಗೆ ಕೇಳಸಿಗದು. ಆದರೆ ಪದಕೋಶದ ಮಟ್ಟದಲ್ಲಿ ಎಚ್ಚರ ಸಾಧ್ಯ. ಮುಂಬಯಿ ಪ್ರಾಂತದ ತಾಲ್ಲೂಕಿನ ಅಧಿಕಾರಿ ಮಾಮಲೇದಾರ, ತಹಶೀಲ್ದಾರನಲ್ಲ. ಊರ ಲೆಕ್ಕ ಬರೆಯುವವ ಕುಲಕರ್ಣಿ, ಶಾನುಭೋಗನಲ್ಲ. ಜಿಲ್ಲಾಧಿಕಾರಿಯ ಬದಲು ಕಲೆಕ್ಟರ್ ಸಾಹೇಬ. ಕೂಲಿಯ ಲೆಕ್ಕ ಆಣೆ ಪೈಗಳಲ್ಲಿ. ಹದಿನಾರು ಆಣೆಗೆ ರೂಪಾಯಿ, ನೂರು ಪೈಸೆಯ ರೂಪಾಯಿ ಬಂದುದು 1957ರಲ್ಲಿ.

ಲಿಪಿಯ ಪ್ರಶ್ನೆ ಇದಕ್ಕಿಂತ ಸೂಕ್ಷ್ಮವಾದುದು. ಗಿರಣಿಯ ಬಾಗಿಲಿಗೆ ಕನ್ನಡದಲ್ಲಿ ಬೋರ್ಡು ಬರೆದು ತೂಗುಹಾಕುವ ಉತ್ಸಾಹ ವಿದ್ಯಾರ್ಥಿಗಳಿಗೆ ಇದ್ದೇ ಇರುತ್ತದೆ. ಈ ಭಾಗದ ಕಚೇರಿಗಳಲ್ಲಿ ಮರಾಠಿ ಮತ್ತು ಮೋಡಿ ಲಿಪಿಯ ಪ್ರಾಬಲ್ಯ ಎಷ್ಟಿತ್ತೆಂಬುದಕ್ಕೆ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ಪಟ್ಟ ಶ್ರಮವೇ ಸಾಕ್ಷಿ. ಅವರು ತೀರಿಕೊಂಡದ್ದು 1881ರಲ್ಲಿ; ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದು 1890ರಲ್ಲಿ. ನಮ್ಮ ಕಥೆ ಇವೆರಡರ ನಡುವಿನದು. ಕಾರಕೂನನ ಪಟ್ಟಿ ಮೋಡಿಯಲ್ಲಿದ್ದು, ತಾಯಿಗೆ ಅದು ಓದಲು ಬಾರದು ಎಂಬುದು ದೃಶ್ಯಕ್ಕೆ ಹೆಚ್ಚಿನ ಬಲ ಕೊಡುತ್ತದೆ. ತಾನು ಹೇಳಿದ್ದೇ ಬರೆಯಲಾಯಿತೇ ಎಂಬುದನ್ನು ಆಕೆ ತಿಳಿಯುವ ದಾರಿಯಿಲ್ಲ. ಮೋಡಿ ಬಲ್ಲವರು ಇಂದು ವಿರಳ, ಹುಡುಕಿದರೆ ಸಿಗುತ್ತಾರೆ. (ಗೋಕಾಕ ಎಂಬ ಹೆಸರು ಕೇಳಿದೊಡನೆ ಭಾಷಾ ಚಳವಳಿ ನೆನಪಾಗುತ್ತದೆ. ಅದಕ್ಕೆ ಹೆಸರು ಬಂದುದು ವರದಿ ನೀಡಿದ ವಿ.ಕೃ. ಗೋಕಾಕರಿಂದ, ಅವರು ಸವಣೂರಿನವರು.)

ಈ ನೆಲದ ಮಾತನ್ನು ಕಿವಿಗೆ ತುಂಬಿಕೊಳ್ಳಲು ಇಲ್ಲಿಯವರೇ ಆದ ಲೇಖಕರಿದ್ದಾರೆ. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯ ಚಂದ್ರಶೇಖರ ಕಂಬಾರರು ತಮ್ಮ ಕೃತಿಗಳನ್ನು ತಾವೇ ತೆರೆಗೆ ತಂದವರು. ಅವರ ‘ಕಾಡುಕುದುರೆ’ ಚಿತ್ರದ ಹಾಡಿಗಾಗಿ ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ಬಂದಿತು. ಗೋಕಾಕ ತಾಲ್ಲೂಕಿನ ಬಸವರಾಜ ಕಟ್ಟೀಮನಿಯವರ ಕಾದಂಬರಿಗಳೂ ಮುಂದಿನ ಕಾಲಘಟ್ಟಕ್ಕೆ ಆಕರ. ಓದಿ ಕಲಿಯುವುದು ಬೇರೆ, ಕೃತಿಯನ್ನೇ ಬಳಸುವುದು ಬೇರೆ. ಕೃತಿಸ್ವಾಮ್ಯ ಲೇಖಕರ ಮರಣಾನಂತರ ಅರವತ್ತು ವರ್ಷ ಉಳಿಯುತ್ತದೆ. ಕಟ್ಟೀಮನಿಯವರು 1989ರಲ್ಲಿ ತೀರಿಕೊಂಡವರಾದುದರಿಂದ 2049ರ ಕೊನೆಯವರೆಗೆ. ವಿದ್ಯಾರ್ಥಿಗಳ ಕೆಲಸವೆಂಬ ಕಾರಣಕ್ಕೆ ಎಲ್ಲ ವಿನಾಯಿತಿ ಸಿಗುತ್ತದೆಂದು ತಿಳಿಯಬಾರದು. ಶಿವರಾಮ ಕಾರಂತರ ಯಕ್ಷಗಾನ ಪ್ರಯೋಗಗಳ ಹಕ್ಕನ್ನು ಕುರಿತ ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ 2009ರಲ್ಲಿ ತೀರ್ಮಾನವಾದುದನ್ನು ನಮ್ಮವರು ಮರೆಯಬಾರದು.

ಮೂಡಲಗಿಯ ರಾತ್ರಿ, ಹುಕ್ಕೇರಿಯ ಗುಮ್ಮಟ

2018ರ ಸುಮಾರಿಗೆ ಪ್ರತ್ಯೇಕ ತಾಲ್ಲೂಕಾದ ಮೂಡಲಗಿ ಅದಕ್ಕೆ ಮೊದಲು ಗೋಕಾಕದ ಭಾಗವಾಗಿತ್ತು. ಶ್ರೀಕೃಷ್ಣ ಪಾರಿಜಾತವನ್ನು ರಂಗಕ್ಕೆ ಒಗ್ಗಿಸಿ ಬೆಳೆಸಿದ ಕುಲಗೋಡ ತಮ್ಮಣ್ಣನ ಊರು ಈ ಸೀಮೆಯದೇ. ಮೂಲ ಕೃತಿಯನ್ನು ಅಪರಾಳ ತಮ್ಮಣ್ಣ ರಚಿಸಿದನೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಟ್ರೇಲರ್‌ನ ನಡುಭಾಗದಲ್ಲಿ ಪಾರಿಜಾತದ ರಾತ್ರಿಯೊಂದನ್ನು ತರಬಹುದು: ಬೆಳಗಾಗುವವರೆಗೆ ಆಟ ನೋಡಿದ ಜನ ಗಿರಣಿಯ ಹೊತ್ತಿಗೆ ಏಳಬೇಕಾದ ಸಂಕಟ ಅದರಲ್ಲಿದೆ. ಹಿಲಾಲಿನ ಬೆಳಕಿನಲ್ಲಿ ಸತ್ಯಭಾಮೆಯ ಮುಖ, ನಿದ್ದೆಗಣ್ಣಿನ ಮಗು. ಮೇಳದಲ್ಲಿ ಈಗ ಪೇಟಿ ಇರುವುದು ಸಾಮಾನ್ಯ. ಆ ವರ್ಷಕ್ಕೆ ಅದು ಹಳ್ಳಿಯ ಮೇಳವನ್ನು ತಲುಪಿತ್ತೆಂದು ಆಧಾರ ದೊರೆಯುವವರೆಗೆ ಅದನ್ನು ಚೌಕಟ್ಟಿನ ಹೊರಗಿಡುವುದು ಸಂಪಾದಕನ ಎಚ್ಚರಕ್ಕೆ ಸಮ. ಮಹಿಳೆ ಮೇಳ ಕಟ್ಟಿ ಹೆಸರಾದ ಕೌಜಲಗಿ ನಿಂಗಮ್ಮನ ಕೀರ್ತಿ ಇಪ್ಪತ್ತನೆಯ ಶತಮಾನದ್ದು. ಆಕೆಯ ನೆನಪಿನ ನೆರಳನ್ನು 1887ಕ್ಕೆ ಎಳೆಯಬಾರದು. ಕಲಾವಿದರಿಗೆ ಸಂಭಾವನೆ ಕೊಡಬೇಕು. ಜಾನಪದ ಕಲಾವಿದರ ಪ್ರದರ್ಶನವನ್ನು ‘ಕಾಲೇಜಿನ ಕೆಲಸ’ ಎಂದು ಬಿಟ್ಟಿಯಾಗಿ ಪಡೆಯುವ ಪದ್ಧತಿ ನಿಲ್ಲಬೇಕಾಗಿದೆ.

ಹುಕ್ಕೇರಿಯ ಆದಿಲಶಾಹಿ ಕಾಲದ ಗುಮ್ಮಟಗಳು ಛಾಯಾಗ್ರಹಣಕ್ಕೆ ಆಕರ್ಷಕ. ಅಪಾಯವೂ ಅಲ್ಲಿಯೇ. 1887ರ ಹೊತ್ತಿಗೇ ಅವು ಮುನ್ನೂರು ವರ್ಷಗಳಷ್ಟು ಹಳೆಯವು. ಹಳೆಯ ಕಟ್ಟಡ ಸಿಕ್ಕಿತೆಂದು ಅದನ್ನು ಯಾವ ಕಾಲಕ್ಕಾದರೂ ಹಿನ್ನೆಲೆಯಾಗಿ ನಿಲ್ಲಿಸುವುದು ಸರಿಯಲ್ಲ. ಕೂಲಿ ಅರಸಿ ಹೊರಟ ತಾಯಿ ಮಗು ಗುಮ್ಮಟದ ನೆರಳಿನಲ್ಲಿ ಬುತ್ತಿ ಬಿಚ್ಚುವುದಾದರೆ ಅದು ಅಂದಿನ ದಾರಿಹೋಕರೂ ಮಾಡಿರಬಹುದಾದ ಕೆಲಸ. ಒಂದೇ ಶಾಟು ಸಾಕು.

ಪರವಾನಗಿ, ಸುರಕ್ಷತೆ, ಚಿತ್ರೀಕರಣ

ಸ್ಮಾರಕ ಯಾವ ಇಲಾಖೆಯದೆಂದು ಮೊದಲು ತಿಳಿಯಬೇಕು: ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದ್ದರೆ 1958ರ ಕಾಯಿದೆ, ರಾಜ್ಯದ್ದಾದರೆ 1961ರ ಕಾಯಿದೆ ಅನ್ವಯಿಸುತ್ತದೆ. ಗಿರಣಿಯ ಆವರಣಕ್ಕೆ ಅದರ ಆಡಳಿತದ ಲಿಖಿತ ಒಪ್ಪಿಗೆ ಬೇಕು. ಎತ್ತಿನ ಗಾಡಿಯನ್ನು ಚಿತ್ರಿಸುವುದಕ್ಕೂ 2001ರ ಪ್ರದರ್ಶನ ಪ್ರಾಣಿಗಳ ನೋಂದಣಿ ನಿಯಮಗಳ ಪ್ರಕಾರ ಪ್ರಾಣಿ ಕಲ್ಯಾಣ ಮಂಡಳಿಯ ಪೂರ್ವಾನುಮತಿ ಬೇಕೆಂಬುದು ಬಹುಜನಕ್ಕೆ ತಿಳಿಯದು. ಗಾಡಿ ಇಲ್ಲದೆ ನಡೆದುಬರುವುದೇ ಈ ಕಥೆಗೆ ಹೊಂದುತ್ತದೆ.

ಮಗುವಿನ ಪಾತ್ರದ ವಿಚಾರದಲ್ಲಿ ಉಪೇಕ್ಷೆ ಸಲ್ಲದು. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯಿದೆಯ 2017ರ ನಿಯಮಗಳಂತೆ ಬಾಲ ಕಲಾವಿದರನ್ನು ದಿನಕ್ಕೆ ಐದು ಗಂಟೆಗಿಂತ ಹೆಚ್ಚು, ವಿರಾಮವಿಲ್ಲದೆ ಮೂರು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಜಿಲ್ಲಾ ದಂಡಾಧಿಕಾರಿಯ ಅನುಮತಿ ಅಗತ್ಯ. ಒಂಬತ್ತು ಗಂಟೆ ದುಡಿ ಎಂದ ಕಾಯಿದೆಯ ಮೇಲೆ ಚಿತ್ರ ಮಾಡುವವರು ಐದು ಗಂಟೆಯ ನಿಯಮವನ್ನು ಮುರಿದರೆ ಆ ಚಿತ್ರಕ್ಕೆ ಬೆಲೆಯಿಲ್ಲ. ಪಾರಿಜಾತದ ದೃಶ್ಯವನ್ನು ನಡುರಾತ್ರಿಯ ಬದಲು ಕತ್ತಲಾದ ಕೂಡಲೇ ತೆಗೆದರೆ ಮಗುವಿಗೆ ನಿದ್ದೆ ಕೆಡುವುದಿಲ್ಲ. ನಿದ್ದೆಗಣ್ಣನ್ನು ಬೇರೆ ಮಧ್ಯಾಹ್ನವೊಂದರಲ್ಲಿ ಸಮೀಪ ಶಾಟಾಗಿ ಪಡೆಯಬಹುದು.

ಜಲಪಾತದ ಅಂಚಿನಲ್ಲಿ ಯಾರನ್ನೂ ನಿಲ್ಲಿಸಬಾರದು. ಮಳೆಗಾಲದಲ್ಲಿ ಬಂಡೆ ಪಾಚಿಗಟ್ಟಿರುತ್ತದೆ, ಮೇಲಿನಿಂದ ನೀರು ಬಿಟ್ಟರೆ ಹೊಳೆ ಬೇಗ ಏರುತ್ತದೆ. 2019ರ ಆಗಸ್ಟ್‌ನ ಪ್ರವಾಹದಲ್ಲಿ ಗೋಕಾಕ ಪಟ್ಟಣಕ್ಕೇ ನೀರು ನುಗ್ಗಿದ್ದು ಎಲ್ಲರ ನೆನಪಿನಲ್ಲಿದೆ. ಧುಮುಕುವ ನೀರನ್ನು ದೂರದಿಂದ ಪ್ರತ್ಯೇಕವಾಗಿ ತೆಗೆದು, ತಾಯಿ ಮಗುವನ್ನು ಸುರಕ್ಷಿತ ಬಂಡೆಯೊಂದರ ಮೇಲೆ ಆಕಾಶದ ಹಿನ್ನೆಲೆಯಲ್ಲಿ ಚಿತ್ರಿಸಿ, ಎರಡನ್ನೂ ಸಂಕಲನದಲ್ಲಿ ಕೂಡಿಸಿದರೆ ಅವರು ಅಲ್ಲಿಯೇ ನಿಂತಿರುವಂತೆ ಕಾಣುತ್ತದೆ. ಸಿನಿಮಾ ಎಂಬ ಕಲೆ ಇರುವುದೇ ಇದಕ್ಕಾಗಿ.

ಜಲಪಾತದ ಸಮೀಪದಲ್ಲಿ ಸಂಭಾಷಣೆಯನ್ನು ಮುದ್ರಿಸುವುದು ಅಸಾಧ್ಯ. ಮಾತುಗಳನ್ನು ಬೇರೆ ಕಡೆ, ಕಂಬಳಿ ಹೊದಿಸಿದ ಕೋಣೆಯಲ್ಲಿ ಧ್ವನಿಮುದ್ರಿಸಬೇಕು. ನೀರಿನ ಸದ್ದನ್ನು ಮೂರು ದೂರಗಳಿಂದ ಪ್ರತ್ಯೇಕವಾಗಿ ಸಂಗ್ರಹಿಸಿದರೆ, ಊರಿನಲ್ಲಿ ಕೇಳಿಯೂ ಕೇಳದಂತಿರುವ ಸದ್ದು ಗಿರಣಿಯ ಬಾಗಿಲಲ್ಲಿ ಮಾತನ್ನು ಮುಳುಗಿಸುವವರೆಗೆ ಏರುತ್ತ ಹೋಗುವಂತೆ ಹೊಂದಿಸಬಹುದು. ಹಿನ್ನೆಲೆ ಸಂಗೀತ ಬೇಕಾಗುವುದೇ ಇಲ್ಲ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ (1934) ತಯಾರಾದುದು ಹುಕ್ಕೇರಿಗೆ ದೂರವಲ್ಲದ ಕೊಲ್ಲಾಪುರದ ಸ್ಟುಡಿಯೋದಲ್ಲಿ. ಮಾತನ್ನು ಸ್ಥಳದಲ್ಲಿಯೇ ಹಿಡಿಯಲೇಬೇಕಾಗಿದ್ದ ಅಂದಿನವರಿಗಿಲ್ಲದ ಅನುಕೂಲ ಇಂದಿನ ವಿದ್ಯಾರ್ಥಿಯ ಜೇಬಿನಲ್ಲಿದೆ.

ಸಂಕಲನ ಮುಗಿದ ಮೇಲೆ ಸಾಮಾನ್ಯವಾಗಿ ಉಳಿಯುವುದು ಟ್ರೇಲರ್ ಮಾತ್ರ. ಶಾಟುಗಳ ಆಧಾರ ಬರೆದ ನೋಟುಬುಕ್ಕು, ಸಂಭಾಷಣೆಗಾಗಿ ಹಿರಿಯರಿಂದ ಧ್ವನಿಮುದ್ರಿಸಿಕೊಂಡ ಮಾತು, ಮೋಡಿ ಬಲ್ಲವರಿಂದ ಬರೆಸಿದ ಹಾಳೆ ಚೆಲ್ಲಾಪಿಲ್ಲಿಯಾಗುತ್ತವೆ. ಇವನ್ನು ಊರು, ತಾರೀಖುಗಳೊಡನೆ ಪಟ್ಟಿ ಮಾಡಿ, ಮಾತನಾಡಿದವರ ಒಪ್ಪಿಗೆ ಪತ್ರದ ಸಮೇತ ವಿಭಾಗದ ಗ್ರಂಥಾಲಯದಲ್ಲಿ ಇಡಬೇಕು. ಮುಂದಿನ ವರ್ಷದ ತಂಡ 1942ರ ಕಥೆಯನ್ನು ಎತ್ತಿಕೊಂಡರೂ ಅದೇ ಅಜ್ಜಿಯ ಧ್ವನಿಯಿಂದಲೇ ಕೆಲಸ ಆರಂಭಿಸಬಹುದು.